ಪೆಟ್ಟು ತಿಂದ ನೆನಪು ಎಷ್ಟು ನಿಜ?

ಇಂಗ್ಲೆಂಡಿನ ಹಳ್ಳಿಗಳಲ್ಲಿ ಹಿಂದೆ ಒಂದು ವಿಚಿತ್ರ ವಾಡಿಕೆ ಇತ್ತು. ವರ್ಷಕ್ಕೊಮ್ಮೆ, ವಸಂತಕಾಲದಲ್ಲಿ, ಪಾದ್ರಿ, ಊರ ಹಿರಿಯರು ಮತ್ತು ಒಂದು ಗುಂಪು ಹುಡುಗರು ಸೇರಿ ಊರಿನ ಎಲ್ಲೆಯ ಉದ್ದಕ್ಕೂ ನಡೆದು ಬರುತ್ತಿದ್ದರು. ಗಡಿಕಲ್ಲು, ಹಳೆಯ ಮರ, ಹಳ್ಳದ ತಿರುವು, ಹೀಗೆ ಎಲ್ಲೆಯ ಗುರುತು ಇದ್ದಲ್ಲೆಲ್ಲ ಮೆರವಣಿಗೆ ನಿಲ್ಲುತ್ತಿತ್ತು. ಹುಡುಗರು ಕೈಯಲ್ಲಿದ್ದ ಕೋಲುಗಳಿಂದ ಆ ಗುರುತನ್ನು ಬಡಿಯುತ್ತಿದ್ದರು. ಕೆಲವು ಊರುಗಳಲ್ಲಿ ಕಲ್ಲಿನ ಬದಲು ಹುಡುಗರಿಗೇ ಏಟು ಬೀಳುತ್ತಿತ್ತು. ಒಬ್ಬ ಹುಡುಗನನ್ನು ಎತ್ತಿ ಕಲ್ಲಿಗೆ ಕುಕ್ಕುವುದು, ಇನ್ನೊಬ್ಬನನ್ನು ಹಳ್ಳಕ್ಕೆ ದೂಡುವುದು. ಅಳು ನಿಲ್ಲಿಸಲು ಆಮೇಲೆ ತಿಂಡಿಯೋ ಬಿಡಿಕಾಸೋ ಸಿಗುತ್ತಿತ್ತು.

ನೋಡುವವರಿಗೆ ಇದು ಹಳ್ಳಿಗರ ಒರಟು ತಮಾಷೆಯಂತೆ ಕಾಣಬಹುದು. ವಾಸ್ತವದಲ್ಲಿ ಇದು ಆ ಕಾಲದ ಭೂದಾಖಲೆ ವ್ಯವಸ್ಥೆ. ನಂಬಬಹುದಾದ ನಕ್ಷೆಗಳಿರಲಿಲ್ಲ, ಓದು ಬರಹ ಬಲ್ಲವರು ಕಡಿಮೆ. ಐವತ್ತು ವರ್ಷದ ಮೇಲೆ ಗಡಿ ತಕರಾರು ಬಂದರೆ ಸಾಕ್ಷಿ ಹೇಳಲು ಯಾರಾದರೂ ಬದುಕಿರಬೇಕು, ಅವರಿಗೆ ಕಲ್ಲು ಎಲ್ಲಿತ್ತೆಂಬುದು ನೆನಪಿರಬೇಕು. ಬದುಕಿರಲೆಂದು ಹುಡುಗರನ್ನು ಆರಿಸಿದರು. ನೆನಪಿರಲೆಂದು ಹೊಡೆದರು.

ಈ ತರ್ಕ ನಮಗೇನೂ ಹೊಸದಲ್ಲ. ಕೂಲಿಮಠಗಳ ಕಾಲದಲ್ಲಿ ಕಲಿತ ಅಜ್ಜಂದಿರು ‘ಛಡಿ ಚಂಚಂ, ವಿದ್ಯಾ ಘಂಘಂ’ ಎಂಬ ಮಾತನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದರು. ಆದರೆ ಅವರನ್ನು ಸ್ವಲ್ಪ ಕೆದಕಿ ಕೇಳಿದರೆ ಒಂದು ಸ್ವಾರಸ್ಯ ಹೊರಬೀಳುತ್ತಿತ್ತು. ಐಗಳ ಮುಖ, ಬೆತ್ತದ ಸಪ್ಪಳ, ಅಂಗೈಯ ಉರಿ, ಅವಮಾನ, ಇವೆಲ್ಲ ನಿನ್ನೆ ನಡೆದಂತೆ ನೆನಪಿರುತ್ತಿದ್ದವು. ಯಾವ ಲೆಕ್ಕ ತಪ್ಪಿದ್ದಕ್ಕೆ ಏಟು ಬಿತ್ತೆಂಬುದು ಮಾತ್ರ ಅನೇಕರಿಗೆ ಮರೆತೇಹೋಗಿರುತ್ತಿತ್ತು.

ಮನಸ್ಸಿನ ಮೇಲೆ ಬಲವಾದ ಭಾವನೆ ಬಿದ್ದಾಗ ನೆನಪಿಗೆ ಏನಾಗುತ್ತದೆ ಎಂಬ ಪ್ರಶ್ನೆಗೆ ಕಳೆದ ನೂರು ವರ್ಷಗಳಲ್ಲಿ ವಿಜ್ಞಾನಿಗಳು ಕಂಡುಕೊಂಡ ಉತ್ತರ ಹೆಚ್ಚುಕಡಿಮೆ ಈ ಅಜ್ಜಂದಿರ ಅನುಭವದಲ್ಲೇ ಇದೆ. ಭಾವನೆ ನೆನಪನ್ನು ಗಟ್ಟಿ ಮಾಡುತ್ತದೆ, ನಿಜ. ಆದರೆ ಏನನ್ನು ಗಟ್ಟಿ ಮಾಡುತ್ತದೆ, ಏನನ್ನು ಬಿಟ್ಟುಬಿಡುತ್ತದೆ ಎಂಬುದು ನಾವು ಅಂದುಕೊಂಡಂತೆ ಇಲ್ಲ.

ಅಮೆರಿಕದ ಮನೋವಿಜ್ಞಾನಿ ವಿಲಿಯಂ ಜೇಮ್ಸ್ 1890ರಲ್ಲೇ, ಭಾವೋದ್ರೇಕ ತೀವ್ರವಾಗಿದ್ದರೆ ಅನುಭವವು ಮಿದುಳಿನ ಮೇಲೆ ಗಾಯದ ಕಲೆಯಂಥದ್ದನ್ನೇ ಉಳಿಸುತ್ತದೆ ಎಂಬರ್ಥದ ಮಾತು ಬರೆದಿದ್ದ. ಅದು ಊಹೆ. ಊಹೆಗೆ ಮೊದಲ ಆಧಾರಗಳಲ್ಲೊಂದು ಸಿಕ್ಕಿದ್ದು ಒಂದು ಗುಂಡುಸೂಜಿಯಿಂದ. ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಎಡ್ವರ್ಡ್ ಕ್ಲಪರೇಡ್ ಎಂಬ ವೈದ್ಯ ಮನೋವಿಜ್ಞಾನಿ ಇದ್ದ. ಅವನ ಬಳಿ ನೆನಪಿನ ಶಕ್ತಿ ಕಳೆದುಕೊಂಡ 47 ವರ್ಷದ ಹೆಂಗಸೊಬ್ಬಳಿದ್ದಳು. ಪ್ರತಿದಿನ ನೋಡುವ ವೈದ್ಯನನ್ನೂ ಪ್ರತಿದಿನ ಹೊಸಬನೆಂದೇ ತಿಳಿಯುತ್ತಿದ್ದಳು. ಒಂದು ದಿನ ಕ್ಲಪರೇಡ್ ಬೆರಳ ಸಂದಿಯಲ್ಲಿ ಗುಂಡುಸೂಜಿ ಅಡಗಿಸಿಟ್ಟುಕೊಂಡು ಅವಳ ಕೈ ಕುಲುಕಿದ. ಸೂಜಿ ಚುಚ್ಚಿತು. ಸ್ವಲ್ಪ ಹೊತ್ತಿಗೆ ಅವಳು ಅದನ್ನೂ ಮರೆತಳು. ಆದರೆ ಅವನು ಮತ್ತೆ ಕೈ ಚಾಚಿದಾಗ ತನ್ನ ಕೈಯನ್ನು ಸರಕ್ಕನೆ ಹಿಂದೆಳೆದುಕೊಂಡಳು. ಏಕೆಂದು ಕೇಳಿದರೆ ಕಾರಣ ಗೊತ್ತಿಲ್ಲ. ಬಹಳ ಒತ್ತಾಯಿಸಿದಾಗ, ಕೆಲವರ ಕೈಯಲ್ಲಿ ಸೂಜಿ ಇರುವುದುಂಟಲ್ಲ ಎಂಬಂತೆ ಏನೋ ಹೇಳಿದಳು. 1911ರಲ್ಲಿ ಪ್ರಕಟವಾದ ಈ ಪ್ರಯೋಗವನ್ನು ಇವತ್ತು ಯಾವ ಆಸ್ಪತ್ರೆಯೂ ಮಾಡಗೊಡುವುದಿಲ್ಲ, ಮಾಡಗೊಡಲೂಬಾರದು. ಆದರೆ ಅದು ತೋರಿಸಿದ ಸಂಗತಿ ದೊಡ್ಡದು. ಘಟನೆಯ ನೆನಪು ಬೇರೆ, ಅದರ ಭಯದ ನೆನಪು ಬೇರೆ. ಒಂದು ಅಳಿಸಿಹೋದರೂ ಇನ್ನೊಂದು ಉಳಿಯಬಹುದು.

ಇವೆರಡೂ ಮಿದುಳಿನ ಬೇರೆ ಬೇರೆ ಜಾಗಗಳನ್ನು ಅವಲಂಬಿಸಿವೆ ಎಂಬುದು ಖಚಿತವಾಗಲು ಇನ್ನೂ ಎಂಬತ್ತು ವರ್ಷ ಬೇಕಾಯಿತು. ನಮ್ಮ ಕಿವಿಗಳ ಮಟ್ಟದಲ್ಲಿ, ತಲೆಯೊಳಗೆ ಆಳದಲ್ಲಿ, ಎಡಕ್ಕೊಂದು ಬಲಕ್ಕೊಂದು ಬಾದಾಮಿ ಗಾತ್ರದ ಗಂಟುಗಳಿವೆ. ಗ್ರೀಕ್ ಭಾಷೆಯಲ್ಲಿ ಬಾದಾಮಿಗೆ ಇರುವ ಹೆಸರಿನಿಂದಲೇ ಅವನ್ನು ‘ಅಮಿಗ್ಡಲ’ ಎಂದು ಕರೆಯುತ್ತಾರೆ. ಅದರ ಬೆನ್ನಿಗೇ ಕಡಲ ಕುದುರೆಯಂತೆ ಬಾಗಿದ ‘ಹಿಪೊಕ್ಯಾಂಪಸ್’ ಇದೆ. ಯಾರು, ಎಲ್ಲಿ, ಯಾವಾಗ ಎಂಬ ವಿವರಗಳನ್ನು ಹೆಣೆದಿಡುವುದು ಈ ಎರಡನೆಯದರ ಕೆಲಸ. 1995ರಲ್ಲಿ ಅಮೆರಿಕದ ಅಯೋವಾದ ಸಂಶೋಧಕರು ಮೂವರು ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯನ್ನು ಪ್ರಕಟಿಸಿದರು. ಅವರಿಗೆ ಬಣ್ಣಬಣ್ಣದ ಚಿತ್ರಗಳನ್ನು ತೋರಿಸುತ್ತ, ಒಂದು ಬಣ್ಣ ಬಂದಾಗ ಮಾತ್ರ ಬೆಚ್ಚಿಬೀಳುವಷ್ಟು ಜೋರಾಗಿ ಹಡಗಿನ ಕೊಂಬು ಊದಿಸಿದರು. ಅಮಿಗ್ಡಲ ಕೆಟ್ಟಿದ್ದ ರೋಗಿ ಯಾವ ಬಣ್ಣಕ್ಕೆ ಕೊಂಬು ಕೂಗುತ್ತದೆಂದು ಸರಿಯಾಗಿ ಹೇಳಿದಳು, ಆದರೆ ಆ ಬಣ್ಣ ಬಂದರೆ ಅವಳ ಅಂಗೈ ಬೆವರಲಿಲ್ಲ. ಹಿಪೊಕ್ಯಾಂಪಸ್ ಕೆಟ್ಟಿದ್ದವನಿಗೆ ಬಣ್ಣವೇ ನೆನಪಿಲ್ಲ, ಅಂಗೈ ಮಾತ್ರ ಬೆವರಿತು. ಎರಡೂ ಕೆಟ್ಟಿದ್ದ ಮೂರನೆಯವನಿಗೆ ಎರಡೂ ಇರಲಿಲ್ಲ.

ಆರೋಗ್ಯವಂತರಲ್ಲಿ ಇವೆರಡೂ ಜೊತೆಯಾಗಿ ಕೆಲಸ ಮಾಡುತ್ತವೆ. ನೆನಪು ಎಂಬುದು ಕಂಡ ಕ್ಷಣದಲ್ಲೇ ಅಚ್ಚಾಗುವುದಿಲ್ಲ. ಹೊಸದಾಗಿ ಮೆತ್ತಿದ ಗಾರೆಯಂತೆ ಅದು ಗಟ್ಟಿಯಾಗಲು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಬೇಕು. ಭಯವೋ ಸಿಟ್ಟೋ ಅತಿಯಾದ ಸಂತೋಷವೋ ಆದಾಗ ಮೂತ್ರಪಿಂಡದ ಮೇಲಿನ ಗ್ರಂಥಿಗಳು ಅಡ್ರಿನಲಿನ್ ಸ್ರವಿಸುತ್ತವೆ, ಎದೆ ಬಡಿತ ಏರುತ್ತದೆ, ಅದರ ಸುದ್ದಿ ನರಗಳ ಮೂಲಕ ಅಮಿಗ್ಡಲಕ್ಕೆ ಮುಟ್ಟುತ್ತದೆ. ‘ಇದು ಮುಖ್ಯ, ಇದನ್ನು ಇಟ್ಟುಕೋ’ ಎಂದು ಅದು ಪಕ್ಕದ ಹಿಪೊಕ್ಯಾಂಪಸ್ಸನ್ನು ಚುರುಕುಗೊಳಿಸುತ್ತದೆ. ಕ್ಯಾಲಿಫೋರ್ನಿಯಾದ ಜೇಮ್ಸ್ ಮೆಗಾ ಮತ್ತು ಲ್ಯಾರಿ ಕೇಹಿಲ್ ಇದನ್ನು 1994ರಲ್ಲಿ ಮನುಷ್ಯರಲ್ಲೇ ತೋರಿಸಿದರು. ತಾಯಿ ಮಗ ಇಬ್ಬರೂ ತಂದೆಯನ್ನು ನೋಡಲು ಅವನು ಕೆಲಸ ಮಾಡುವ ಆಸ್ಪತ್ರೆಗೆ ಹೋಗುವ ಒಂದು ಕಥೆಯನ್ನು ಚಿತ್ರಗಳ ಜೊತೆ ಹೇಳಿದರು. ಕೆಲವರಿಗೆ ಸಪ್ಪೆ ಕಥೆ. ಇನ್ನು ಕೆಲವರಿಗೆ ಅದೇ ಚಿತ್ರಗಳು, ಆದರೆ ಕಥೆಯ ನಡುವೆ ಹುಡುಗನಿಗೆ ಕಾರು ಬಡಿದು ಜೀವಕ್ಕೇ ಅಪಾಯವಾಗುತ್ತದೆ. ವಾರದ ನಂತರ ಕೇಳಿದಾಗ ಅಪಘಾತದ ಭಾಗ ಜನರಿಗೆ ಹೆಚ್ಚು ನೆನಪಿತ್ತು. ಇದರಲ್ಲಿ ವಿಶೇಷವಿಲ್ಲ. ಆದರೆ ಕಥೆಗೆ ಮೊದಲು ಪ್ರೊಪ್ರನಲಾಲ್ ಎಂಬ ಮಾತ್ರೆ ನುಂಗಿದ್ದವರಲ್ಲಿ ಆ ಹೆಚ್ಚುಗಾರಿಕೆ ಕಾಣಲಿಲ್ಲ. ರಕ್ತದೊತ್ತಡಕ್ಕೆ ಕೊಡುವ ಈ ಮಾತ್ರೆ ಅಡ್ರಿನಲಿನ್ನಿನ ಪ್ರಭಾವವನ್ನು ತಡೆಯುತ್ತದೆ. ಸಪ್ಪೆ ಕಥೆಯ ನೆನಪಿಗೆ ಅದು ಏನೂ ಮಾಡಿರಲಿಲ್ಲ.

ಇದರಲ್ಲೊಂದು ಜಾಣತನ ಇದೆ. ಯಾವ ಪೊದೆಯಿಂದ ಹುಲಿ ಹಾರಿತು ಎಂಬುದನ್ನು ಮರೆತ ಪ್ರಾಣಿ ಹೆಚ್ಚು ದಿನ ಬದುಕುವುದಿಲ್ಲ. ನಿನ್ನೆ ಮಧ್ಯಾಹ್ನ ಏನು ಪಲ್ಯ ಎಂಬುದನ್ನು ಮರೆತರೆ ಯಾವ ನಷ್ಟವೂ ಇಲ್ಲ.

ಇಲ್ಲಿಯವರೆಗಿನ ಕಥೆ ನೇರ. ತೊಡಕು ಶುರುವಾಗುವುದು ಮುಂದೆ.

1977ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ರೋಜರ್ ಬ್ರೌನ್ ಮತ್ತು ಜೇಮ್ಸ್ ಕುಲಿಕ್ ಒಂದು ಲೇಖನ ಪ್ರಕಟಿಸಿದರು. 1963ರ ನವೆಂಬರ್ 22ರಂದು ಅಧ್ಯಕ್ಷ ಕೆನಡಿಯ ಕೊಲೆಯ ಸುದ್ದಿ ಕೇಳಿದಾಗ ನೀವು ಎಲ್ಲಿದ್ದಿರಿ, ಏನು ಮಾಡುತ್ತಿದ್ದಿರಿ ಎಂದು ಅವರು 80 ಜನರನ್ನು ಕೇಳಿದ್ದರು. ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಹೇಳಿದರು. 1968ರಲ್ಲಿ ಕೊಲೆಯಾದ ಮಾರ್ಟಿನ್ ಲೂಥರ್ ಕಿಂಗ್ ಬಗ್ಗೆ ಕೇಳಿದಾಗ ಕರಿಯರಲ್ಲಿ ನಾಲ್ವರಿಗೆ ಮೂವರಲ್ಲಿ ಅಂಥ ನೆನಪಿತ್ತು, ಬಿಳಿಯರಲ್ಲಿ ಸುಮಾರು ಮೂವರಿಗೆ ಒಬ್ಬರಲ್ಲಿ ಮಾತ್ರ. ಯಾರಿಗೆ ನೋವು ಹೆಚ್ಚೋ ಅವರಿಗೆ ನೆನಪು ಹೆಚ್ಚು. ಕತ್ತಲಲ್ಲಿ ಕ್ಯಾಮೆರಾದ ಫ್ಲ್ಯಾಷ್ ಬಲ್ಬು ಬೆಳಗಿದಂತೆ ಆ ಕ್ಷಣದ ಸುತ್ತಲಿನದೆಲ್ಲವನ್ನೂ ಮಿದುಳು ಸೆರೆಹಿಡಿಯುತ್ತದೆ ಎಂದು ಅವರು ಇದಕ್ಕೆ ‘ಫ್ಲ್ಯಾಷ್ ಬಲ್ಬ್ ನೆನಪು’ ಎಂದು ಹೆಸರಿಟ್ಟರು.

ಹೆಸರು ಜನಪ್ರಿಯವಾಯಿತು, ಏಕೆಂದರೆ ಪ್ರತಿಯೊಬ್ಬರಲ್ಲೂ ಅಂಥದ್ದೊಂದು ಇರುತ್ತದೆ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಅಪಘಾತದಲ್ಲಿ ಶಂಕರ್‌ನಾಗ್ ತೀರಿಕೊಂಡ ಸುದ್ದಿಯನ್ನು ಯಾರ ಬಾಯಿಂದ, ಯಾವ ಬಸ್ ನಿಲ್ದಾಣದಲ್ಲಿ ಕೇಳಿದೆ ಎಂದು ಹೇಳಬಲ್ಲವರು ಕರ್ನಾಟಕದ ಊರೂರಲ್ಲಿ ಸಿಗುತ್ತಾರೆ. ಆ ತಲೆಮಾರಿನ ಎದುರು ಆ ಮಾತು ತೆಗೆದರೆ ಸಾಕು, ವಿಷಯಾಂತರವಾಗಿ ಅರ್ಧ ಗಂಟೆ ಕಳೆಯುತ್ತದೆ.

ಆದರೆ ಬ್ರೌನ್ ಮತ್ತು ಕುಲಿಕ್ ಒಂದು ಕೆಲಸ ಮಾಡಿರಲಿಲ್ಲ. ಜನ ಹೇಳಿದ್ದು ನಿಜವೇ ಎಂದು ಪರಿಶೀಲಿಸಿರಲಿಲ್ಲ. ಹದಿಮೂರು ವರ್ಷದ ಹಿಂದೆ ಯಾರು ಯಾವ ಕೋಣೆಯಲ್ಲಿ ಕುಳಿತಿದ್ದರೆಂದು ಪರಿಶೀಲಿಸುವುದಾದರೂ ಹೇಗೆ?

ಈ ಅನುಮಾನ ಬಂದವನು ಉಲ್ರಿಕ್ ನೈಸರ್. ಅನುಮಾನ ಬಂದದ್ದು ತನ್ನದೇ ನೆನಪಿನ ಮೇಲೆ. ಜಪಾನೀಯರು ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿದ ದಿನ ಅವನು ಹುಡುಗ. ಮನೆಯಲ್ಲಿ ಕುಳಿತು ರೇಡಿಯೋದಲ್ಲಿ ಬೇಸ್‌ಬಾಲ್ ಪಂದ್ಯದ ವಿವರಣೆ ಕೇಳುತ್ತಿದ್ದಾಗ ಅದನ್ನು ನಿಲ್ಲಿಸಿ ದಾಳಿಯ ಸುದ್ದಿ ಹೇಳಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ದಶಕಗಟ್ಟಲೆ ಹಾಗೆಯೇ ಹೇಳುತ್ತ ಬಂದಿದ್ದ. ಒಂದು ದಿನ ಹೊಳೆಯಿತು: ದಾಳಿ ನಡೆದದ್ದು 1941ರ ಡಿಸೆಂಬರ್ 7ರಂದು, ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಬೇಸ್‌ಬಾಲ್ ಆಡುವುದೇ ಇಲ್ಲ! ಆ ದಿನ ಪ್ರಸಾರವಾಗುತ್ತಿದ್ದದ್ದು ಫುಟ್‌ಬಾಲ್ ಪಂದ್ಯವೆಂದೂ, ಆಡುತ್ತಿದ್ದ ತಂಡಗಳಿಗೆ ಪ್ರಸಿದ್ಧ ಬೇಸ್‌ಬಾಲ್ ತಂಡಗಳ ಹೆಸರೇ ಇತ್ತೆಂದೂ ಇಬ್ಬರು ಸಂಶೋಧಕರು ಆಮೇಲೆ ಪತ್ತೆ ಹಚ್ಚಿದರು. ಅಂದರೆ ನೈಸರನ ನೆನಪು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಇಂಥ ಪರೀಕ್ಷೆಯನ್ನು ನಮ್ಮವರೂ ಮಾಡಿಕೊಳ್ಳಬಹುದು. 1984ರ ಅಕ್ಟೋಬರ್ 31ರಂದು ಬೆಳಿಗ್ಗೆ ಇಂದಿರಾ ಗಾಂಧಿಯವರ ಮೇಲೆ ಗುಂಡು ಹಾರಿಸಲಾಯಿತು. ಅವರು ತೀರಿಕೊಂಡರೆಂಬ ಮಾತು ವಿದೇಶಿ ರೇಡಿಯೋಗಳಿಂದ ಮೊದಲೇ ಹರಡಿದ್ದರೂ ಆಕಾಶವಾಣಿ ಅದನ್ನು ಸಂಜೆಯವರೆಗೂ ಹೇಳಲಿಲ್ಲ. ‘ಬೆಳಿಗ್ಗೆ ಶಾಲೆಯಲ್ಲಿದ್ದಾಗಲೇ ಆಕಾಶವಾಣಿಯಲ್ಲಿ ಸಾವಿನ ಸುದ್ದಿ ಬಂತು, ರಜೆ ಕೊಟ್ಟರು’ ಎಂದು ಯಾರಾದರೂ ಹೇಳಿದರೆ, ಅವರು ಸುಳ್ಳು ಹೇಳುತ್ತಿಲ್ಲ. ಗುಂಡೇಟಿನ ಸುದ್ದಿ, ನೆರೆಯವರ ಪಿಸುಮಾತು, ಸಂಜೆಯ ವಾರ್ತೆ, ಎಲ್ಲ ಒಂದೇ ಬೆಳಗಿನೊಳಗೆ ಸೇರಿಕೊಂಡಿವೆ, ಅಷ್ಟೆ.

ನೈಸರ್‌ಗೆ ಸರಿಯಾದ ಪರೀಕ್ಷೆಯ ಅವಕಾಶ ಬಂದದ್ದು ಒಂದು ದುರಂತದಿಂದ. 1986ರ ಜನವರಿ 28ರಂದು ಚಾಲೆಂಜರ್ ಎಂಬ ಬಾಹ್ಯಾಕಾಶ ನೌಕೆ ಹಾರಿದ 73 ಸೆಕೆಂಡುಗಳಲ್ಲಿ ಆಕಾಶದಲ್ಲೇ ಛಿದ್ರವಾಯಿತು. ಏಳು ಜನ ಸತ್ತರು. ಅವರಲ್ಲಿ ಒಬ್ಬಾಕೆ ಶಾಲಾ ಶಿಕ್ಷಕಿಯಾಗಿದ್ದರಿಂದ ದೇಶದ ಅನೇಕ ಶಾಲೆಗಳಲ್ಲಿ ಮಕ್ಕಳು ಅದನ್ನು ಟೀವಿಯಲ್ಲಿ ನೇರವಾಗಿ ನೋಡುತ್ತಿದ್ದರು. ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯದಲ್ಲಿದ್ದ ನೈಸರ್ ಮರುದಿನ ಬೆಳಿಗ್ಗೆಯೇ 106 ವಿದ್ಯಾರ್ಥಿಗಳ ಒಂದು ತರಗತಿಗೆ ಪ್ರಶ್ನಾವಳಿ ಹಂಚಿಸಿದ. ಸುದ್ದಿ ಎಲ್ಲಿ ಕೇಳಿದಿರಿ, ಯಾರು ಹೇಳಿದರು, ಏನು ಮಾಡುತ್ತಿದ್ದಿರಿ, ಹೇಗನ್ನಿಸಿತು? ಉತ್ತರಗಳನ್ನು ಕಟ್ಟಿಟ್ಟು ಕಾದ. ಎರಡೂವರೆ ವರ್ಷದ ನಂತರ ಅವನೂ ಅವನ ಶಿಷ್ಯೆ ನಿಕೋಲ್ ಹಾರ್ಷ್ ಅವರೂ ಆ ವಿದ್ಯಾರ್ಥಿಗಳಲ್ಲಿ 44 ಮಂದಿಯನ್ನು ಹುಡುಕಿ ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿದರು.

ಫಲಿತಾಂಶ ಅವರಿಗೂ ಅನಿರೀಕ್ಷಿತ. ಎಲ್ಲಿ, ಯಾರಿಂದ, ಏನು ಮಾಡುವಾಗ ಎಂಬುದನ್ನೆಲ್ಲ ಅಂಕ ಹಾಕಿ ಏಳಕ್ಕೆ ಲೆಕ್ಕ ಮಾಡಿದರೆ ಸರಾಸರಿ ಮೂರೂ ಬರಲಿಲ್ಲ. ಪೂರ್ತಿ ಸರಿ ಹೇಳಿದವರು ಮೂವರು. ಹನ್ನೊಂದು ಮಂದಿಗೆ ಸೊನ್ನೆ, ಅಂದರೆ ಅವರ ಹೊಸ ಉತ್ತರಕ್ಕೂ ಹಳೆಯ ಉತ್ತರಕ್ಕೂ ಸಂಬಂಧವೇ ಇಲ್ಲ. ಒಬ್ಬ ವಿದ್ಯಾರ್ಥಿನಿ ಮೊದಲ ಸಲ, ಧರ್ಮಶಾಸ್ತ್ರದ ತರಗತಿಯಲ್ಲಿದ್ದಾಗ ಯಾರೋ ಬಂದು ಮಾತಾಡಿಕೊಳ್ಳುತ್ತಿದ್ದರು, ಆಮೇಲೆ ಕೋಣೆಗೆ ಹೋಗಿ ಟೀವಿ ನೋಡಿದೆ ಎಂದು ಬರೆದಿದ್ದಳು. ಎರಡೂವರೆ ವರ್ಷದ ಮೇಲೆ, ಹಾಸ್ಟೆಲಿನಲ್ಲಿ ಗೆಳತಿಯ ಜೊತೆ ಟೀವಿ ನೋಡುತ್ತ ಕುಳಿತಿದ್ದಾಗ ಸುದ್ದಿ ಬಂತು ಎಂದಳು. ಆ ದಿನ ಗಂಟೆಗಟ್ಟಲೆ ನೋಡಿದ ಟೀವಿಯ ಚಿತ್ರ ಮುಂದೆ ಸರಿದು ನಿಜವಾದ ಮೊದಲ ಕ್ಷಣವನ್ನು ಮುಚ್ಚಿಹಾಕಿತ್ತು. ಹೀಗೆ ಆದದ್ದು ಅವಳೊಬ್ಬಳಿಗೇ ಅಲ್ಲ.

ತಪ್ಪು ಹೇಳಿದ್ದಕ್ಕಿಂತ ಕುತೂಹಲದ ಸಂಗತಿ ಇನ್ನೊಂದು. ನಿಮ್ಮ ಉತ್ತರ ಎಷ್ಟು ಖಚಿತ ಎಂದು ಕೇಳಿದಾಗ ಅವರು ತಮಗೆ ತಾವೇ ಕೊಟ್ಟುಕೊಂಡ ಸರಾಸರಿ ಐದಕ್ಕೆ ನಾಲ್ಕಕ್ಕೂ ಹೆಚ್ಚು. ಮುಂದಿನ ವರ್ಷ ಸಂದರ್ಶನದಲ್ಲಿ ಅವರವರ ಕೈಬರಹದ ಹಳೆಯ ಹಾಳೆಯನ್ನೇ ಮುಂದಿಟ್ಟರು. ಅದನ್ನು ನೋಡಿದರೆ ಮರೆತದ್ದು ಮರಳಬಹುದು ಎಂಬ ನಿರೀಕ್ಷೆ. ವಿದ್ಯಾರ್ಥಿಗಳು ಬೆರಗಾದರು, ಆದರೆ ತಪ್ಪು ಹೇಳಿದ್ದವರಲ್ಲಿ ಒಬ್ಬರಿಗೂ ‘ಓ, ಹೌದು, ಈಗ ನೆನಪಾಯಿತು’ ಎನ್ನಿಸಲಿಲ್ಲ. ಹಳೆಯ ನೆನಪು ಅಡಿಯಲ್ಲೆಲ್ಲೋ ಅಡಗಿರಲಿಲ್ಲ. ಅದು ಹೋಗಿಯೇಬಿಟ್ಟಿತ್ತು.

2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಅವಳಿ ಗೋಪುರಗಳು ಉರುಳಿದಾಗ ಡ್ಯೂಕ್ ವಿಶ್ವವಿದ್ಯಾಲಯದ ಜೆನಿಫರ್ ಟಲಾರಿಕೊ ಮತ್ತು ಡೇವಿಡ್ ರೂಬಿನ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಮರುದಿನವೇ 54 ವಿದ್ಯಾರ್ಥಿಗಳಿಂದ ಎರಡು ನೆನಪು ಬರೆಸಿಕೊಂಡರು: ಒಂದು ದಾಳಿಯ ಸುದ್ದಿ ಕೇಳಿದ್ದು, ಇನ್ನೊಂದು ಅದರ ಹಿಂದಿನ ದಿನಗಳ ಯಾವುದೋ ಸಾಮಾನ್ಯ ಘಟನೆ. ವಾರಗಳು, ತಿಂಗಳುಗಳು ಕಳೆದಂತೆ ಎರಡೂ ಒಂದೇ ಪ್ರಮಾಣದಲ್ಲಿ ಕೆಡುತ್ತ ಹೋದವು. ವ್ಯತ್ಯಾಸ ಇದ್ದದ್ದು ನಂಬಿಕೆಯಲ್ಲಿ. ಸಾಮಾನ್ಯ ಘಟನೆಯ ನೆನಪು ಮಸುಕಾದಂತೆ ವಿದ್ಯಾರ್ಥಿಗಳು ಅದು ಮಸುಕಾಗಿದೆ ಎಂದೇ ಒಪ್ಪಿದರು. ದಾಳಿಯ ದಿನದ ನೆನಪು ಮಾತ್ರ ಕಣ್ಣಿಗೆ ಕಟ್ಟಿದಂತಿದೆ, ಅದರಲ್ಲಿ ತಪ್ಪಿಲ್ಲ ಎನ್ನುತ್ತಲೇ ಇದ್ದರು. ಇದೇ ದಾಳಿಯ ಬಗ್ಗೆ ಹತ್ತು ವರ್ಷ ನಡೆದ ಇನ್ನೊಂದು ಅಧ್ಯಯನದಲ್ಲಿ, ಮರೆವು ಹೆಚ್ಚಾಗಿ ಮೊದಲ ವರ್ಷದಲ್ಲೇ ಆಗುತ್ತದೆ, ಆಮೇಲೆ ತಪ್ಪು ಕಥೆಯೇ ನೆಲೆಗೊಂಡು ಅದನ್ನೇ ಜನ ಮತ್ತೆ ಮತ್ತೆ ಹೇಳುತ್ತಾರೆ ಎಂದು ಕಂಡುಬಂತು. ಅವತ್ತು ತಮಗೆ ಹೇಗನ್ನಿಸಿತ್ತು ಎಂಬುದನ್ನೇ ಅವರು ಎಲ್ಲಕ್ಕಿಂತ ಹೆಚ್ಚು ತಪ್ಪಾಗಿ ಹೇಳಿದರು!

ಹಾಗಾದರೆ ಮಾತ್ರೆಯ ಪ್ರಯೋಗ ಸುಳ್ಳೇ? ಅಲ್ಲ. ದಾಳಿ ನಡೆದದ್ದನ್ನು, ನೌಕೆ ಒಡೆದದ್ದನ್ನು ಯಾರೂ ಮರೆತಿರಲಿಲ್ಲ. ಭಾವನೆ ಘಟನೆಯ ತಿರುಳನ್ನು ಕಾಪಾಡುತ್ತದೆ. ಸಿಪ್ಪೆಯ ಬಗ್ಗೆ ಅದಕ್ಕೆ ಕಾಳಜಿ ಇಲ್ಲ. ಅಮೆರಿಕದ ಎಲಿಜಬೆತ್ ಲಾಫ್ಟಸ್ 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರಿಗೆ ಒಂದು ಹೋಟೆಲಿನ ಚಿತ್ರಸರಣಿ ತೋರಿಸಲಾಯಿತು. ಒಂದರಲ್ಲಿ ಗಿರಾಕಿ ಗಲ್ಲಾದವಳಿಗೆ ಚೆಕ್ ಕೊಡುತ್ತಾನೆ, ಇನ್ನೊಂದರಲ್ಲಿ ಪಿಸ್ತೂಲು ತೋರಿಸುತ್ತಾನೆ. ಪಿಸ್ತೂಲು ಕಂಡವರ ಕಣ್ಣು ಅದರ ಮೇಲೇ ನೆಟ್ಟಿತ್ತು. ಅವನ ಮುಖವನ್ನು ಗುರುತಿಸುವುದರಲ್ಲಿ ಅವರು ಹಿಂದೆ ಬಿದ್ದರು. 2004ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಅಮೆರಿಕದ ಸೈನಿಕರದ್ದು. ಶತ್ರುವಿಗೆ ಸೆರೆಸಿಕ್ಕಾಗ ಹೇಗಿರಬೇಕೆಂಬ ತರಬೇತಿಯಲ್ಲಿ ಅವರನ್ನು ಮೈಮುಟ್ಟಿ ಹೆದರಿಸಿ ಅರ್ಧ ಗಂಟೆಗೂ ಹೆಚ್ಚು ವಿಚಾರಣೆ ಮಾಡಲಾಗುತ್ತಿತ್ತು. ಎದುರಿಗೇ ಕುಳಿತಿದ್ದ ಆ ಮನುಷ್ಯನನ್ನು ಮರುದಿನ ಸಾಲಿನಲ್ಲಿ ನಿಂತವರ ನಡುವೆ ಸರಿಯಾಗಿ ತೋರಿಸಿದವರು ನೂರಕ್ಕೆ 30 ಮಂದಿ. ಬೆದರಿಕೆ ಕಡಿಮೆಯಿದ್ದ ವಿಚಾರಣೆಯಲ್ಲಿ ಇದು ನೂರಕ್ಕೆ 62.

ಇದು ಪ್ರಯೋಗಶಾಲೆಯ ಕುತೂಹಲವಾಗಿ ಉಳಿದಿದ್ದರೆ ಚಿಂತೆ ಇರಲಿಲ್ಲ. ಆದರೆ ಜಗತ್ತಿನ ನ್ಯಾಯಾಲಯಗಳು ಕಣ್ಣಾರೆ ಕಂಡವರ ಮಾತಿನ ಮೇಲೆ, ಅದನ್ನು ಅವರು ಎಷ್ಟು ಖಚಿತವಾಗಿ ಹೇಳುತ್ತಾರೆಂಬುದರ ಮೇಲೆ ಜನರನ್ನು ಸೆರೆಮನೆಗೆ ಕಳಿಸುತ್ತ ಬಂದಿವೆ. ಬಂಧಿತನನ್ನು ಇತರರ ಜೊತೆ ನಿಲ್ಲಿಸಿ ಸಾಕ್ಷಿಯಿಂದ ಗುರುತಿಸುವ ಪೆರೇಡ್ ನಮ್ಮಲ್ಲೂ ಇದೆ. ಅದನ್ನು ತಡಮಾಡದೆ ನಡೆಸಬೇಕೆಂದು ನಮ್ಮ ನ್ಯಾಯಾಲಯಗಳು ಹೇಳುತ್ತ ಬಂದಿವೆ, ಪೆರೇಡ್ ಒಂದನ್ನೇ ಸ್ವತಂತ್ರ ಸಾಕ್ಷ್ಯವೆಂದು ಒಪ್ಪುವುದಿಲ್ಲ. ಅಮೆರಿಕದ ನ್ಯೂಜೆರ್ಸಿ ರಾಜ್ಯದ ಸುಪ್ರೀಂ ಕೋರ್ಟ್ 2011ರಲ್ಲಿ, ಭಯ, ಆಯುಧ, ಕಾಲದ ಅಂತರ ಇವು ನೆನಪನ್ನು ಹೇಗೆ ಕೆಡಿಸಬಹುದೆಂದು ಜ್ಯೂರಿಗೆ ವಿವರಿಸಬೇಕೆಂದು ತೀರ್ಪು ಕೊಟ್ಟಿತು. ಇಂಥ ತೀರ್ಪುಗಳ ಹಿಂದೆ ನಿರಪರಾಧಿಗಳ ಒಂದು ಉದ್ದನೆಯ ಪಟ್ಟಿ ಇದೆ.

ಅವರಲ್ಲೊಬ್ಬ ರೊನಾಲ್ಡ್ ಕಾಟನ್. 1984ರ ಜುಲೈನಲ್ಲಿ ನಾರ್ತ್ ಕೆರೊಲಿನಾ ರಾಜ್ಯದ ಬರ್ಲಿಂಗ್ಟನ್ ಪಟ್ಟಣದಲ್ಲಿ 22 ವರ್ಷದ ಕಾಲೇಜು ವಿದ್ಯಾರ್ಥಿನಿಯೊಬ್ಬಳ ಮನೆಗೆ ರಾತ್ರಿ ಒಬ್ಬ ನುಗ್ಗಿ ಅತ್ಯಾಚಾರ ಎಸಗಿದ. ಆ ಹೊತ್ತಿನಲ್ಲೂ ಅವಳು ಧೈರ್ಯಗೆಡದೆ, ಬದುಕುಳಿದರೆ ಇವನನ್ನು ಹಿಡಿಸಬೇಕೆಂದು ಅವನ ಮುಖವನ್ನು ಗಮನವಿಟ್ಟು ನೋಡಿಕೊಂಡಳು. ಪೊಲೀಸರು ತೋರಿಸಿದ ಫೋಟೋಗಳಲ್ಲಿ ಕಾಟನ್‌ನನ್ನು ಆರಿಸಿದಳು, ಸಾಲಿನಲ್ಲಿ ನಿಲ್ಲಿಸಿದಾಗಲೂ ಅವನನ್ನೇ ತೋರಿಸಿದಳು. ಫೋಟೋದಲ್ಲೂ ಇವನನ್ನೇ ಆರಿಸಿದ್ದಿ ಎಂದು ಹೇಳಿದ ಮೇಲೆ ಅವಳಿಗೆ ಇದ್ದ ಅಲ್ಪಸ್ವಲ್ಪ ಅಳುಕೂ ಹೋಯಿತು. 1985ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಅದೇ ಸೆರೆಮನೆಯಲ್ಲಿದ್ದ ಬಾಬಿ ಪೂಲ್ ಎಂಬ ಇನ್ನೊಬ್ಬ ಕೈದಿ, ಅದು ತನ್ನ ಕೆಲಸ ಎಂದು ಹೇಳಿಕೊಂಡಿದ್ದ. 1987ರಲ್ಲಿ ಮರುವಿಚಾರಣೆ ನಡೆದಾಗ ಪೂಲ್‌ನನ್ನು ಅವಳ ಮುಂದೆಯೇ ತಂದು ನಿಲ್ಲಿಸಿದರು. ಇವನನ್ನು ಹಿಂದೆಂದೂ ನೋಡಿಯೇ ಇಲ್ಲ ಎಂದಳು. ಕಾಟನ್‌ಗೆ ಮತ್ತೆ ಶಿಕ್ಷೆಯಾಯಿತು.

1995ರಲ್ಲಿ ಡಿಎನ್‌ಎ ಪರೀಕ್ಷೆ ನಡೆಯಿತು. ಅಪರಾಧಿ ಪೂಲ್. ಹತ್ತೂವರೆ ವರ್ಷ ಒಳಗಿದ್ದ ಕಾಟನ್ ಹೊರಬಂದ. ಮುಂದೆ ಅವಳು ಅವನನ್ನು ಭೇಟಿಯಾಗಿ ಕ್ಷಮೆ ಕೇಳಿದಳು. ಅವನು ಕ್ಷಮಿಸಿದ. ಇಬ್ಬರೂ ಸ್ನೇಹಿತರಾದರು, 2009ರಲ್ಲಿ ಸೇರಿ ಒಂದು ಪುಸ್ತಕ ಬರೆದರು, ಸಾಕ್ಷಿಗಳ ಗುರುತಿಸುವ ವಿಧಾನ ಬದಲಾಗಬೇಕೆಂದು ಊರೂರು ತಿರುಗಿ ಮಾತಾಡಿದರು. ಆದರೆ ಪರೀಕ್ಷೆಯ ಫಲಿತಾಂಶ ಬಂದ ಮೇಲೂ, ಅವನು ನಿರಪರಾಧಿ ಎಂದು ಪೂರ್ತಿ ತಿಳಿದ ಮೇಲೂ, ದುಃಸ್ವಪ್ನದಲ್ಲಿ ಆ ರಾತ್ರಿ ಮರಳಿದಾಗ ಅವಳಿಗೆ ಕಾಣುತ್ತಿದ್ದದ್ದು ಕಾಟನ್‌ನ ಮುಖವೇ.